ರೇಡಿಯೋದಲ್ಲಿ ಒಂದು ಥರ, ಎಕ್ಸ್-ರೇಯಲ್ಲಿ ಇನ್ನೊಂದು ಥರ: ಯಾವುದು ನಿಜ?

ಪ್ರಶ್ನೆ: ಸರ್, ಎಂ87 ಗ್ಯಾಲಕ್ಸಿಯ ಫೋಟೋಗಳನ್ನು ಮೊಬೈಲ್‌ನಲ್ಲಿ ನೋಡಿದೆ. ರೇಡಿಯೋ ಚಿತ್ರದಲ್ಲಿ ದೊಡ್ಡ ಮೋಡದ ಹಾಗಿದೆ. ಎಕ್ಸ್-ರೇ ಚಿತ್ರದಲ್ಲಿ ಅದರ ಜೆಟ್ ಒಂದು ಗೆರೆ, ಮೇಲೆ ಗಂಟು ಗಂಟು. ಯಾವುದು ನಿಜ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಎರಡೂ ನಿಜ. ಮೋಡ, ಗಂಟು ಎರಡನ್ನೂ ಬೆಳಗುತ್ತಿರುವುದು ಎಲೆಕ್ಟ್ರಾನ್‌ಗಳೇ. ಅವುಗಳ ಶಕ್ತಿ ಮಾತ್ರ ಬೇರೆ ಬೇರೆ.

ಎಂ87 ನಮ್ಮಿಂದ ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರ. ಅದರ ನಡುವೆ 650 ಕೋಟಿ ಸೂರ್ಯರಷ್ಟು ತೂಕದ ಕಪ್ಪುಕುಳಿ ಇದೆ. ಸುತ್ತ ತಿರುಗುವ ಅನಿಲವೆಲ್ಲ ಒಳಗೇ ಬೀಳುವುದಿಲ್ಲ. ಸ್ವಲ್ಪ ಪಾಲು ಹೆಚ್ಚೂಕಡಿಮೆ ಬೆಳಕಿನ ವೇಗದಲ್ಲಿ ಹೊರಗೆ ಚಿಮ್ಮುತ್ತದೆ. ಅದೇ ಜೆಟ್. 1918ರಲ್ಲೇ ಅಮೆರಿಕದ ಖಗೋಳವಿಜ್ಞಾನಿ ಹೆಬರ್ ಕರ್ಟಿಸ್ ಅದನ್ನು ನೇರ ಗೆರೆಯಾಗಿ ಕಂಡಿದ್ದರು.

ಜೆಟ್‌ನ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನ್‌ಗಳು ಸುರುಳಿ ಸುತ್ತುತ್ತಾ ಬೆಳಕು ಬಿಡುತ್ತವೆ. ಇದಕ್ಕೆ ಸಿಂಕ್ರೊಟ್ರಾನ್ ವಿಕಿರಣ ಅಂತ ಹೆಸರು. ಶಕ್ತಿ ಕಡಿಮೆ ಇದ್ದರೆ ರೇಡಿಯೋ, ಜಾಸ್ತಿ ಇದ್ದರೆ ಕಣ್ಣಿಗೆ ಕಾಣುವ ಬೆಳಕು, ಇನ್ನೂ ಜಾಸ್ತಿಯಾದರೆ ಎಕ್ಸ್-ರೇ.

ಈಗ ನಿಮ್ಮ ಗಂಟುಗಳಿಗೆ ಬರೋಣ. ನನಗೆ ಬಹಳ ಇಷ್ಟದ ಭಾಗ ಇದು. ಒಲೆಗೆ ತೊಗರಿ ಕಟ್ಟಿಗೆ ಹಾಕಿದರೆ ಭರ್ರನೆ ಉರಿದು ಆರುತ್ತದೆ. ಜಾಲಿ ಕೊರಡಾದರೆ ಬೆಳಗಿನವರೆಗೂ ಕೆಂಡ ಇರುತ್ತದೆ. ಎಲೆಕ್ಟ್ರಾನ್‌ಗಳೂ ಹಾಗೇ. ಎಕ್ಸ್-ರೇ ಬಿಡುವವು ಕೆಲವೇ ವರ್ಷಗಳಲ್ಲಿ, ಹೆಚ್ಚೆಂದರೆ ಕೆಲವು ದಶಕಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತವೆ. ಆದರೆ ಜೆಟ್ ಸಾವಿರಾರು ಜ್ಯೋತಿರ್ವರ್ಷ ಉದ್ದ. ಕಪ್ಪುಕುಳಿಯ ಹತ್ತಿರ ಹೊರಟವು ಆ ದೂರ ಬರುವಷ್ಟರಲ್ಲಿ ಆರಿಹೋಗಿರಬೇಕಿತ್ತು, ಅಲ್ವಾ? ಆದರೂ ದೂರದ ಗಂಟು ಹೊಳೆಯುತ್ತಿದೆ. ಅಂದರೆ ಅಲ್ಲೇ, ಆ ಗಂಟಿನಲ್ಲೇ, ಎಲೆಕ್ಟ್ರಾನ್‌ಗಳಿಗೆ ಹೊಸದಾಗಿ ವೇಗ ಸಿಗುತ್ತಿದೆ. ರೇಡಿಯೋ ಬಿಡುವವು ಕೆಂಡದಂತೆ ಬಹುಕಾಲ ಬಾಳುತ್ತವೆ, ದೂರ ಹರಡುತ್ತವೆ. ಅದಕ್ಕೇ ಆ ಮೋಡ.

ಎಕ್ಸ್-ರೇಗಿಂತಲೂ ಹೆಚ್ಚು ಶಕ್ತಿಯ ಗಾಮಾ ಕಿರಣವೂ ಇದೆ. ಅತಿ ವೇಗದ ಎಲೆಕ್ಟ್ರಾನ್ ಸಾಧಾರಣ ಬೆಳಕಿನ ಕಣಕ್ಕೆ ಡಿಕ್ಕಿ ಹೊಡೆದು ತನ್ನ ಶಕ್ತಿ ಕೊಟ್ಟರೆ, ಆ ಕಣವೇ ಗಾಮಾ ಕಿರಣವಾಗುತ್ತದೆ.

ಜೆಟ್ ನಮ್ಮ ಕಡೆಗೇ ಮುಖ ಮಾಡಿದ್ದರೆ ಆ ಗ್ಯಾಲಕ್ಸಿಯನ್ನು ಬ್ಲೇಝಾರ್ ಅನ್ನುತ್ತಾರೆ. ರಾತ್ರಿ ಗದ್ದೆಗೆ ನೀರು ಬಿಡಲು ಕಾಲುವೆ ದಂಡೆಯ ಮೇಲೆ ಬ್ಯಾಟರಿ ಹಿಡಿದು ಬರುವವರನ್ನು ನೋಡಿರುತ್ತೀರಿ. ಬೆಳಕು ಅತ್ತ ಇದ್ದಾಗ ಮಂಕು, ನಿಮ್ಮತ್ತ ತಿರುಗಿದರೆ ಕಣ್ಣು ಕುಕ್ಕುತ್ತದೆ. ಜೆಟ್‌ನ ವೇಗವೂ ಬೆಳಕನ್ನು ಹೀಗೇ ಮುಂದಕ್ಕೆ ಒಟ್ಟುಗೂಡಿಸುತ್ತದೆ. ಮಾರ್ಕೇರಿಯನ್ 421 ಎಂಬ ಗ್ಯಾಲಕ್ಸಿ ಅಂಥದ್ದು. ಕೆಲವೊಮ್ಮೆ ಗಂಟೆಯೊಳಗೇ ಅದರ ಹೊಳಪು ಏರಿ ಇಳಿಯುತ್ತದೆ.

ಅದಕ್ಕೇ ಇವುಗಳನ್ನು ಹಲವು ದೂರದರ್ಶಕಗಳಿಂದ ಒಂದೇ ಹೊತ್ತಿಗೆ ನೋಡಬೇಕು. ನಮ್ಮಲ್ಲೇ ಪುಣೆ ಹತ್ತಿರದ ಖೋಡದ್‌ನಲ್ಲಿ 45 ಮೀಟರ್ ಅಗಲದ 30 ರೇಡಿಯೋ ಡಿಶ್‌ಗಳಿವೆ. ಎಕ್ಸ್-ರೇಗೆ 2015ರಲ್ಲಿ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹ ಇದೆ, ಗಾಮಾಗೆ ಲಡಾಖ್‌ನ ಹಾನ್ಲೆಯಲ್ಲಿ ಮೇಸ್ ದೂರದರ್ಶಕ.

ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗಿದಾಗ ಚಿತ್ತಾ ನಕ್ಷತ್ರ ಹುಡುಕಿ. ಎಂ87 ಇರುವುದೂ ಅದೇ ಕನ್ಯಾ ರಾಶಿಯಲ್ಲಿ. ಬರಿಗಣ್ಣಿಗೆ ಕಾಣದು. ಸಣ್ಣ ಟೆಲಿಸ್ಕೋಪ್ ಸಿಕ್ಕರೆ ಮಸುಕಾದ ಚುಕ್ಕೆಯಾಗಿ ಕಾಣುತ್ತದೆ.