ತಾರಸಿ ಮೇಲಿನ ಶೋಕಿ

ದಾವಣಗೆರೆಯಿಂದ ನಿವೃತ್ತ ಟೀಚರೊಬ್ಬರು ಬರ್ದಿದಾರೆ: "ಕೊರೊನಾ ಟೈಮಲ್ಲಿ ಅಕ್ಕಪಕ್ಕದ ಮನೇಲೆಲ್ಲ ಸಾವು, ನೀವು ನೋಡಿದ್ರೆ ಹೋದ ಸಂಚಿಕೇಲಿ ಆಗ ತಾರಸಿ ಮೇಲೆ ವಾಕಿಂಗ್ ಮಾಡಿದೋರನ್ನ ಹೊಗಳಿದೀರಿ. ಅದು ಹೊಟ್ಟೆ ತುಂಬಿದವರ ಶೋಕಿ. ಸಮಾಧಾನ ಬೇಕಿದ್ರೆ ಒಂದ್ಕಡೆ ಕೂತು ಜಪ ಮಾಡಬಹುದಿತ್ತಲ್ಲ?"

ಮೇಡಂ, ಜಪದ ಬಗ್ಗೆ ನಂದೇನೂ ತಕರಾರಿಲ್ಲ, ನಮ್ಮಮ್ಮನೂ ಮಾಡ್ತಿದ್ರು. ಹೊಟ್ಟೆ ತುಂಬಿದವರು ಅಂದ್ರಲ್ಲ, ಅದನ್ನೂ ಒಪ್ತೀನಿ, ಅದೇ ದಿನಗಳಲ್ಲಿ ಹೆಗಲ ಮೇಲೆ ಮಗೂನ ಕೂರಿಸ್ಕೊಂಡು ಹೈವೇಲಿ ನೂರಾರು ಕಿಲೋಮೀಟರ್ ನಡೆದ ಕೂಲಿಯವರ ಮುಂದೆ ವಾಕಿಂಗ್ ಅನ್ನೋ ಮಾತೆತ್ತೋಕೇ ನಾಚಿಕೆ ಆಗುತ್ತೆ. ಆದ್ರೆ ಶೋಕಿ ಅಂದ್ರಿ ನೋಡಿ, ಅದೊಂದನ್ನ ಬಿಡಲ್ಲ.

ನಮ್ಮನೆ ಎದುರು ತಾರಸಿ ಒಬ್ಬ ಹಿರಿಯರದ್ದು. ಈ ಕಡೆ ಸಿಂಟೆಕ್ಸು, ಆ ಕಡೆ ಹಪ್ಪಳ ಒಣಗಾಕಿದ ಪಂಚೆ, ಮಧ್ಯ 30 ಹೆಜ್ಜೆ ಇದ್ರೆ ಹೆಚ್ಚು. ಪ್ಯಾರಪೆಟ್ ಮೇಲೆ 40 ಹುಣಸೆಬೀಜ ಇಟ್ಕೊಂಡು, ಒಂದು ಸುತ್ತು ಮುಗೀತಿದ್ದಂಗೆ ಒಂದು ಬೀಜ ಆ ಕಡೆಯಿಂದ ಈ ಕಡೆಗೆ. 2021ರಲ್ಲಿ, ಎರಡನೇ ಅಲೇಲಿ, ಊರಲ್ಲಿದ್ದ ಅವರ ತಮ್ಮ ತೀರ್ಕೊಂಡ್ರು, ಮುಖ ನೋಡೋಕೂ ಆಗ್ಲಿಲ್ಲ. ಅವತ್ತು ಸಂಜೆ ಬೀಜ ಎಲ್ಲ ಈ ಕಡೆ ಬಂದ್ವು, ಮತ್ತೆ ಆ ಕಡೆ ಹೋದ್ವು, ಕತ್ತಲಾಯ್ತು, ಬರೀ ಚಪ್ಪಲಿ ಸದ್ದು ಕೇಳ್ತಿತ್ತು. ಅಂಥ ದಿನ ಮನುಷ್ಯ ಎಲ್ಲಿ ಕೂರ್ತಾನೆ ಮೇಡಂ? ಮಕ್ಕಳನ್ನ ಬೆಂಚ್ ಮೇಲೆ ನಿಲ್ಸಿ ರೂಢಿ ಇರೋ ನಿಮಗೆ ಇಷ್ಟು ಗೊತ್ತಾಗ್ದೆ ಇರುತ್ತಾ!

2020ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆನೂ ಹೇಳ್ತು, ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಮೈ ದಣಿಸ್ಬೇಕು, ಖಿನ್ನತೆ, ಆತಂಕ ಕಮ್ಮಿಯಾಗೋಕೂ ಒಳ್ಳೇದು ಅಂತ. (ನಮ್ಮಜ್ಜಿ ಕೇಳಿದ್ರೆ ನಕ್ಕಿರೋರು, ಒರಳಲ್ಲಿ ರುಬ್ಬೋಕೇ ಅಷ್ಟೊತ್ತು ಹಿಡೀತಿತ್ತು.) ಬ್ರಿಟನ್‌ನೋರು ಲಾಕ್‌ಡೌನ್ ಹಾಕೋವಾಗ್ಲೇ ದಿನಕ್ಕೊಂದ್ಸಲ ವ್ಯಾಯಾಮಕ್ಕೆ ಹೊರಗೆ ಹೋಗ್ಬಹುದು ಅಂದ್ರು. ನಮ್ಮ ರಾಜ್ಯದಲ್ಲಿ ಎಣ್ಣೆ ಅಂಗಡಿ ಬಾಗಿಲು ತೆಗೆದಿದ್ದು 2020ರ ಮೇ 4ಕ್ಕೆ, ಪಾರ್ಕ್ ಗೇಟ್ ಮೇ 19ಕ್ಕೆ, ಅದೂ ಬೆಳಿಗ್ಗೆ ಎರಡು ಗಂಟೆ ಹೊತ್ತು, ಸಂಜೆ ಎರಡು ಗಂಟೆ ಹೊತ್ತು! ಜಿಮ್ಮಿನೋರು ಆಗಸ್ಟ್ 5ರ ತನಕ ಕಾದ್ರು. ಹೊಸ ಕಾಯಿಲೆ, ಸರ್ಕಾರಕ್ಕೂ ಭಯ ಇತ್ತು, ಸರಿ, ಆದ್ರೆ ಮರದ ಕೆಳಗೆ ಒಂಟಿಯಾಗಿ ನಡೆಯೋನಿಗಿಂತ ಬಾಟ್ಲಿಗೆ ಕ್ಯೂ ನಿಂತೋನು ಸೇಫಾ?

ಈಗ ಕೊರೊನಾ ಹೋಯ್ತು, ಬೀಗ ಹೋಗ್ಲಿಲ್ಲ. ಫುಟ್‌ಪಾತ್ ತುಂಬ ಬೈಕು, ಸ್ಕೂಲ್ ಗ್ರೌಂಡಲ್ಲಿ ಪಾರ್ಕಿಂಗು, ನಮ್ಮ ಏರಿಯಾ ಪಾರ್ಕಿಗೆ ಬೆಳಿಗ್ಗೆ ಹತ್ತಕ್ಕೇ ಬೀಗ, ಯಾಕಪ್ಪ ಅಂತ ಕೇಳಿದ್ರೆ "ಮೇಲಿಂದ ಆರ್ಡರ್ ಸಾರ್". ಎದುರು ಮನೆಯವರು ಮೊನ್ನೆ ಜೇಬಲ್ಲಿ ಬೀಜ ಹಾಕ್ಕೊಂಡು ಬಂದಿದ್ರು, ಹದಿನೇಳನೇ ಸುತ್ತಿಗೆ ವಾಚ್‌ಮನ್ ಸೀಟಿ ಊದ್ದ. ಮಿಕ್ಕಿದ್ದನ್ನ ಮನೇಗ್ ಹೋಗಿ ತಾರಸಿ ಮೇಲೆ ಮುಗಿಸಿದ್ರು.