ನೀರು ಹಾಕುವ ಕೈಗೆ ಗೊತ್ತಾಗಿದೆ

ಪ್ರಶ್ನೆ: ಮಗನಿಗೆ ಏಳು ತಿಂಗಳು. ಆರು ವಾರ ಮುಂಚೆ ಹುಟ್ಟಿದವನು. ಕತ್ತು ಇನ್ನೂ ನಿಂತಿಲ್ಲ. ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವಾಗ ‘ಹಿಡಿತಕ್ಕೇ ಸಿಗಲ್ಲ, ಜಾರ್ತಾನೆ’ ಅಂತಾರೆ ಅತ್ತೆ. ನಗುತ್ತಾನೆ, ಹಾಲು ಕುಡಿಯುತ್ತಾನೆ. ನಮ್ಮನೆಯವರು ‘ನಾನೂ ತಡವಾಗೇ ನಡೆದಿದ್ದು, ಎಣ್ಣೆ ತಿಕ್ಕಿ ಸಾಕು’ ಎಂದು ವಾಕರ್ ತಂದಿಟ್ಟಿದ್ದಾರೆ. ಕಾಯಲೇ?
– ಹೆಸರು ಬೇಡ, ಚಿಂತಾಮಣಿ

ಉತ್ತರ: ಕಾಯಬೇಡಿ ತಂಗಿ. ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ.

ನಿಮ್ಮತ್ತೆಯ ಮಾತು ಸುಮ್ನೆ ಅಲ್ಲ. ನಾವು ಡಾಕ್ಟರುಗಳು ಮಾಡುವ ಪರೀಕ್ಷೆಯೂ ಅದೇ. ಕಂಕುಳಿಗೆ ಕೈಕೊಟ್ಟು ಎತ್ತಿದರೆ ಮಗು ಭುಜ ಬಿಗಿ ಮಾಡುತ್ತದೆ. ಮೈ ಸಡಿಲವಿದ್ದರೆ ಕೈಯಿಂದ ಕೆಳಗೆ ಜಾರುತ್ತದೆ. ಸುಮ್ಮನೆ ಮಲಗಿದ್ದಾಗಲೂ ಮಾಂಸಖಂಡದಲ್ಲಿ ಒಂದಿಷ್ಟು ಬಿಗಿ ಇರುತ್ತದಲ್ವಾ, ಅದು ಕಡಿಮೆಯಾದರೆ ಹೈಪೊಟೋನಿಯಾ ಅನ್ನುತ್ತೇವೆ. ಅದು ಕಾಯಿಲೆಯ ಹೆಸರಲ್ಲ. ಜ್ವರ ಇದ್ದ ಹಾಗೆ. ಯಾಕೆ ಬಂತು ಅಂತ ಹುಡುಕಬೇಕು.

ಮುಂಚೆ ಹುಟ್ಟಿದ್ದಕ್ಕೆ ಆರು ವಾರ ಕಳೆದರೂ ನಿಮ್ಮ ಮಗನಿಗೆ ಐದೂವರೆ ತಿಂಗಳ ಲೆಕ್ಕ. ಸಾಮಾನ್ಯವಾಗಿ ನಾಲ್ಕಕ್ಕೆ ಕತ್ತು ನಿಲ್ಲುತ್ತದೆ. ಅಪ್ಪ ತಡವಾಗಿ ನಡೆದದ್ದು ಇದಕ್ಕೆ ಉತ್ತರವಾಗಲ್ಲ.

ಕಾರಣಗಳು ಹಲವು: ಥೈರಾಯ್ಡ್ ಕೊರತೆ, ಡೌನ್ ಸಿಂಡ್ರೋಮ್, ಹೆರಿಗೆ ಹೊತ್ತಿನಲ್ಲಿ ಮಿದುಳಿಗಾದ ಪೆಟ್ಟು, ನರ ಅಥವಾ ಸ್ನಾಯುವಿನ ತೊಂದರೆ. ಥೈರಾಯ್ಡ್ ಒಂದು ರಕ್ತಪರೀಕ್ಷೆಗೆ ಸಿಕ್ಕಿಬೀಳುತ್ತದೆ, ಮಾತ್ರೆಯೂ ಅಗ್ಗ. ಆದರೆ ತಡವಾದಷ್ಟೂ ಮಗುವಿನ ಬುದ್ಧಿಗೆ ಪೆಟ್ಟು. ಪ್ರಾಕ್ಟೀಸಿನ ಮೊದಲ ವರ್ಷಗಳಲ್ಲಿ ನಾನೇ ಒಬ್ಬ ತಾಯಿಗೆ ‘ಇನ್ನೊಂದು ತಿಂಗಳು ನೋಡೋಣ’ ಅಂದಿದ್ದೆ. ಆ ಮಗುವಿಗೆ ಇದ್ದದ್ದು ಥೈರಾಯ್ಡ್ ಕೊರತೆಯೇ. ಅಂದಿನಿಂದ ಆ ಮಾತು ಬಿಟ್ಟಿದ್ದೇನೆ.

ಇನ್ನೊಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಏನು ಊಟ ಮಾಡುತ್ತೀರಿ? ನಮ್ಮ ಕಡೆ ಹಸು ಕಟ್ಟಿದ ಮನೆಯಲ್ಲೂ ಹಾಲೆಲ್ಲ ಡೈರಿಗೆ, ಬಾಣಂತಿಗೆ ಮಾತ್ರ ಪಥ್ಯದ ತಿಳಿಸಾರು! ಹಾಲು, ಮೊಸರು, ಮೊಟ್ಟೆ, ಮಾಂಸ ಯಾವುದೂ ಇಲ್ಲದೆ ತಾಯಿಗೆ ಬಿ12 ಕಡಿಮೆಯಾದರೆ ಎದೆಹಾಲಲ್ಲೂ ಕಡಿಮೆ. ಅಂಥ ಮಗು ಬಿಳಿಚಿಕೊಳ್ಳುತ್ತದೆ, ಮಂಕಾಗುತ್ತದೆ, ಮೈ ಸಡಿಲವಾಗುತ್ತದೆ. ನಿಮ್ಮವನು ನಗುತ್ತಾನೆ ಅಂದಿರಿ, ಒಳ್ಳೆಯದೇ. ಆದರೂ ಡಾಕ್ಟರಿಗೆ ಊಟದ ವಿಷಯ ಹೇಳಿ. ನಗುಮುಖ, ಚುರುಕು ಕಣ್ಣು ಇದ್ದೂ ಕಾಲು ಮಾತ್ರ ಆಡದಿದ್ದರೆ ಅದನ್ನೂ ಹೇಳಿ. ಬೆನ್ನುಹುರಿಯ ನರಕೋಶ ಸವೆಯುವ ಎಸ್‌ಎಂಎ ಅನ್ನುವ ಕಾಯಿಲೆಯಲ್ಲಿ ಹಾಗಾಗುತ್ತದೆ. ಅಲ್ಲಿ ಒಂದೊಂದು ವಾರವೂ ಮುಖ್ಯ.

ಹಾಲು ಕುಡಿಯುವಾಗ ಕೆಮ್ಮಿ ಉಸಿರುಗಟ್ಟಿದರೆ, ಅಳು ಕ್ಷೀಣವಾದರೆ, ಉಸಿರಿಗೆ ಹೊಟ್ಟೆ ಎಳೆದುಕೊಂಡರೆ ವಾರ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.

ಖರ್ಚಿನ ಯೋಚನೆಯಿದ್ದರೆ ಅಂಗನವಾಡಿ ಟೀಚರನ್ನು ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಲ್ಲಿಗೆ ಬರುತ್ತದೆ, ಮುಂದಿನ ಆಸ್ಪತ್ರೆಗೆ ಬರೆದುಕೊಡುತ್ತದೆ. ಜಾಸ್ತಿ ಪರೀಕ್ಷೆ ಬೇಕಾದರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ನಿಮ್ಹಾನ್ಸ್ ಇವೆ.

ಎಣ್ಣೆ ತಿಕ್ಕಿ, ಮಗುವಿಗೆ ಹಿತ. ಆದರೆ ಬಿಗಿ ಬರುವುದು ಎಣ್ಣೆಯಿಂದಲ್ಲ. ಎಚ್ಚರವಿದ್ದಾಗ ನೀವು ಎದುರಿಗೆ ಕೂತು ಸ್ವಲ್ಪ ಸ್ವಲ್ಪ ಹೊತ್ತು ಬೋರಲು ಹಾಕಿ. ಉಳಿದ ವ್ಯಾಯಾಮ ಫಿಸಿಯೋಥೆರಪಿಯವರು ತೋರಿಸುತ್ತಾರೆ. ವಾಕರ್ ಅಟ್ಟಕ್ಕೆ ಹಾಕಿ. ಕತ್ತು ನಿಂತ ಮೇಲೂ ಅದು ಬೇಡ.

ಡಾಕ್ಟರ ಹತ್ತಿರ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ. ಹೇಗೆ ಜಾರುತ್ತಾನೆ ಅಂತ ಅವರೇ ತೋರಿಸಲಿ.