ತಮ್ಮನನ್ನು ಮೂರು ತಿಂಗಳು ಬಿಡಲ್ಲ ಅಂತಿದ್ದಾರಾ?

ಅಕ್ಕ, ಟ್ಯಾಪೆಂಟಡಾಲ್ ಅನ್ನೋ ನೋವಿನ ಮಾತ್ರೆಯ ಚಟ ಬಿಡೋಕೆ ತಮ್ಮ ತಾನಾಗೇ ದಾವಣಗೆರೆಯ ಖಾಸಗಿ ವ್ಯಸನಮುಕ್ತಿ ಕೇಂದ್ರ ಸೇರಿದ, ಈಗ ಫೋನೂ ಕೊಡ್ತಿಲ್ಲ, ‘ಮೂರು ತಿಂಗಳಿಗೆ ಸಹಿ ಹಾಕಿದ್ದಾನೆ, ಬಿಡಲ್ಲ’ ಅಂತಾರೆ ಅಂದಿರಿ. ಆ ಸಹಿಗೆ ಹೆದರಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವ್ಯಸನಕ್ಕೂ ಅನ್ವಯಿಸುತ್ತೆ. ವಯಸ್ಕ ತಾನಾಗೇ ದಾಖಲಾಗಿದ್ದರೆ, ಹೊರಡ್ತೀನಿ ಅಂದಾಗ ಬಿಡಬೇಕು. ಜೀವಕ್ಕೆ ಅಪಾಯದಂಥ ಕಾರಣ ಇದ್ದರೆ ತಪಾಸಣೆಗೆ 24 ಗಂಟೆ ತಡೆಯಬಹುದು, ಅಷ್ಟೇ. ಅದಕ್ಕೂ ಮೇಲೆ ಅಂದರೆ ಮನೋವೈದ್ಯರೊಬ್ಬರು ಸೇರಿ ಇಬ್ಬರು ಪರಿಣತರು ಬೇರೆಬೇರೆಯಾಗಿ ನೋಡಿ, ಇರಿಸಿಕೊಳ್ಳಲೇಬೇಕು ಅಂತ ಬರೀಬೇಕು, ಅದೂ ಮೊದಲಿಗೆ 30 ದಿನದವರೆಗೆ. ಫೋನ್, ಭೇಟಿ, ಚಿಕಿತ್ಸೆಯ ದಾಖಲೆ ಕೇಳೋದು ಅವನ ಹಕ್ಕು. ಸರಪಳಿ ಹಾಕೋದಂತೂ ನಿಷೇಧ.

ಔಷಧಿ ಕೊಡ್ತಿದ್ದಾರಾ, ಮೊದಲು ಅದನ್ನ ಕೇಳಿ. ನಮ್ಮ ಚಿಕ್ಕಪ್ಪನ ಮಗನ ಹತ್ರ ಇಂಥ ಚಟ ಬಿಡಿಸೋಕೆ ವೈದ್ಯರು ಕೊಡೋ, ನಾಲಿಗೆ ಕೆಳಗಿಡೋ ಬ್ಯುಪ್ರೆನಾರ್ಫಿನ್ ಮಾತ್ರೆ ಇತ್ತು. ಒಂದು ಕೇಂದ್ರದವರು ‘ಇದೂ ನಶೆನೇ’ ಅಂತ ಕಿತ್ತುಕೊಂಡರು. ಮೂರನೇ ದಿನ ನೋಡೋಕೆ ಹೋದರೆ ಮೂಗು ಸೋರ್ತಿತ್ತು, ಹೊಟ್ಟೆ ನುಲೀತಿತ್ತು, ಏಪ್ರಿಲ್ ಬಿಸಿಲಲ್ಲಿ ಕಂಬಳಿ ಹೊದ್ದು ನಡುಗ್ತಿದ್ದ. ಆ ಮಾತ್ರೆ ನಶೆ ಅಲ್ಲ, ಚಿಕಿತ್ಸೆ. ಔಷಧಿ ಇಲ್ಲದೆ ಕೆಲವು ವಾರ ಕಳೆದರೆ ನಶೆ ಮಾತ್ರೆ ತಡೆದುಕೊಳ್ಳೋ ದೇಹದ ತಾಳಿಕೆ ಇಳಿದಿರುತ್ತೆ. ಹೊರಗೆ ಬಂದು ನಶೆ ಮಾತ್ರೆನ ಹಳೇ ಪ್ರಮಾಣದಲ್ಲೇ ತಗೊಂಡರೆ ಉಸಿರೇ ನಿಲ್ಲಬಹುದು. ನನಗೆ ಸಹಿಗಿಂತ ಇದರದ್ದೇ ಭಯ.

ನಾಳೆ ಬಿಡುಗಡೆ ಅರ್ಜಿ ಎರಡು ಪ್ರತಿ ಒಯ್ದು, ತಮ್ಮನ ಕೈಲಿ ಸಹಿ ಹಾಕಿಸಿ, ಒಂದರ ಮೇಲೆ ಸ್ವೀಕೃತಿ ಬರೆಸಿಕೊಳ್ಳಿ. ಒಪ್ಪದಿದ್ದರೆ ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಮಾನಸಿಕ ಆರೋಗ್ಯ ಪುನರ್‌ವಿಮರ್ಶಾ ಮಂಡಳಿಗೆ ದೂರು ಬರೆಯೋಕೆ ನೆರವು ಕೇಳಿ. ಮುಂದಿನ ಚಿಕಿತ್ಸೆಗೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ರಾತ್ರಿ ಏನಾದರೂ ಕೇಳಬೇಕಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ.